ತ್ರಿಭುಜ ಮತ್ತು ತ್ರಿಕೋನ: ಜಡೆ ಪರಿಸರದ ಅಳತೆಯ ಜ್ಞಾನಪರಂಪರೆ – ಒಂದು ವಿವೇಚನೆ

ಪೀಠಿಕೆ

ಗಣಿತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರಂಥಗಳನ್ನು ಆಧರಿಸುತ್ತಾರೆ. ಜಾನಪದ ವಿದ್ವಾಂಸರು ಹಾಡು, ಕಥೆ, ಆಚರಣೆ, ಕುಶಲಕಲೆಗಳನ್ನು ಆಧರಿಸುತ್ತಾರೆ. ಇವೆರಡರ ನಡುವೆ ಯಾರ ಗಮನಕ್ಕೂ ಪೂರ್ಣವಾಗಿ ಬಾರದೆ ಉಳಿದ ಒಂದು ಜ್ಞಾನಕ್ಷೇತ್ರವಿದೆ. ಅದು ಅಳತೆಯ ಜ್ಞಾನ. ಗದ್ದೆಯ ಬದುವನ್ನು ಹಾಕುವವನು, ಮನೆಯ ಪಾಯವನ್ನು ಗುರುತಿಸುವ ಗಾರೆಯವನು, ಮಾಡಿನ ಪಕಾಸಿಗಳನ್ನು ಕೊಯ್ಯುವ ಬಡಗಿ, ಗೋಡೆಯ ಮೇಲೆ ಹಸೆ ಬರೆಯುವ ಹೆಂಗಸು ಇವರೆಲ್ಲರೂ ದಿನನಿತ್ಯ ಮೂಲೆಗಳೊಡನೆ ವ್ಯವಹರಿಸುತ್ತಾರೆ. ಆದರೆ ಇವರಲ್ಲಿ ಯಾರೂ ಮೂಲೆಯನ್ನು ಅಂಶಗಳಲ್ಲಿ ಅಳೆಯುವುದಿಲ್ಲ. ಕೋನಮಾಪಕವಾಗಲಿ ತ್ರಿಕೋನಮಿತಿಯ ಕೋಷ್ಟಕವಾಗಲಿ ಇಲ್ಲದೆಯೇ ಇವರ ಮೂಲೆಗಳು ಸರಿಯಾಗಿ ಕೂಡುತ್ತವೆ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಯೇ ಪ್ರಸ್ತುತ ಪ್ರಬಂಧದ ವಸ್ತು.

ಈ ಪ್ರಶ್ನೆಯನ್ನು ಸೊರಬ ತಾಲ್ಲೂಕಿನ ಜಡೆ ಮತ್ತು ಅದರ ಸುತ್ತಣ ಪರಿಸರವನ್ನು ಮುಂದಿಟ್ಟುಕೊಂಡು ಇಲ್ಲಿ ಚರ್ಚಿಸಲಾಗಿದೆ. ಜಡೆ ಇಂದು ಒಂದು ಹೋಬಳಿ ಕೇಂದ್ರ. ಒಂದು ಕಡೆ ಬನವಾಸಿ, ಮತ್ತೊಂದು ಕಡೆ ಶಿಕಾರಿಪುರ ತಾಲ್ಲೂಕಿನ ತಾಳಗುಂದ ಮತ್ತು ಬಳ್ಳಿಗಾವೆ ಇರುವ ಈ ನೆಲ ಹಿಂದೆ ಬನವಾಸಿ ಪನ್ನಿರ್ಚ್ಛಾಸಿರದ ಹೃದಯಭಾಗವಾಗಿತ್ತು. ಮಲೆನಾಡು ಬಯಲಿಗೆ ಇಳಿಯುವ ಅಂಚಿನ ಈ ಸೀಮೆಯಲ್ಲಿ ನೆಲ ಚೌಕವಾಗಿ ಸಿಗುವುದು ಅಪರೂಪ. ಕೆರೆಯ ಹಿನ್ನೀರು, ಹಳ್ಳದ ತಿರುವು, ಕಾನಿನ ಅಂಚು ಇವು ಹೊಲಗದ್ದೆಗಳನ್ನು ಓರೆಕೋರೆಯಾಗಿ ಕತ್ತರಿಸುತ್ತವೆ. ಆದ್ದರಿಂದ ಮೂರು ಮೂಲೆಯ ನೆಲವನ್ನು ಅಳೆಯುವ ಸಮಸ್ಯೆ ಇಲ್ಲಿ ಕೇವಲ ಶಾಸ್ತ್ರದ ಸಮಸ್ಯೆಯಲ್ಲ. ಅದು ತೆರಿಗೆಯ, ಪಾಲಿನ, ವ್ಯಾಜ್ಯದ ಸಮಸ್ಯೆಯೂ ಹೌದು.

1. ಹೆಸರುಗಳು ಹೇಳುವ ಸಂಗತಿ

ಮೂರು ಗೆರೆಗಳಿಂದ ಆವೃತವಾದ ಆಕೃತಿಗೆ ನಮ್ಮಲ್ಲಿ ಎರಡು ಹೆಸರುಗಳಿವೆ: ತ್ರಿಭುಜ ಮತ್ತು ತ್ರಿಕೋನ. ಶಾಲೆಯಲ್ಲಿ ಇವೆರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಇವು ಎರಡು ನೋಟಗಳನ್ನು ಸೂಚಿಸುತ್ತವೆ. ತ್ರಿಭುಜವೆಂದವನು ತೋಳುಗಳನ್ನು ಎಣಿಸಿದ್ದಾನೆ. ತ್ರಿಕೋನವೆಂದವನು ಮೂಲೆಗಳನ್ನು ಎಣಿಸಿದ್ದಾನೆ. ನಮ್ಮ ಪ್ರಾಚೀನ ಕ್ಷೇತ್ರಗಣಿತ ಮುಖ್ಯವಾಗಿ ಮೊದಲನೆಯ ನೋಟದ್ದು.

ಅದರ ಪರಿಭಾಷೆಯನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆಕೃತಿಯ ಕೆಳಗಣ ಗೆರೆ ಭೂಮಿ; ಮೇಲಣ ಗೆರೆ ಮುಖ; ಪಕ್ಕದವು ಭುಜಗಳು; ಮೂಲೆಯಿಂದ ಮೂಲೆಗೆ ಎಳೆದದ್ದು ಕರ್ಣ, ಅಂದರೆ ಕಿವಿ. ಶಿಖರದಿಂದ ಭೂಮಿಗೆ ಇಳಿಬಿಟ್ಟದ್ದು ಅವಲಂಬ ಅಥವಾ ಲಂಬ, ಅಂದರೆ ತೂಗುವಂಥದ್ದು. ಆ ಲಂಬ ಭೂಮಿಯನ್ನು ಎರಡು ತುಂಡು ಮಾಡಿದಾಗ ಆ ತುಂಡುಗಳು ಆಬಾಧೆಗಳು. ವೃತ್ತದ ವಿಷಯಕ್ಕೆ ಬಂದರೆ ಧನುಸ್ಸು, ಜ್ಯಾ ಎಂಬ ಹೆದೆ, ಶರ ಎಂಬ ಬಾಣ. ನಿಂತ ಮನುಷ್ಯನ ದೇಹ, ಅವನ ಕೈಯ ಬಿಲ್ಲು, ಅವನು ಇಳಿಬಿಟ್ಟ ದಾರ ಇವುಗಳಿಂದಲೇ ಶಾಸ್ತ್ರದ ಭಾಷೆ ರೂಪುಗೊಂಡಿದೆ. ಗಾರೆಯವನು ಇಂದಿಗೂ ಗೋಡೆಯ ನೇರವನ್ನು ನೋಡಲು ಇಳಿಬಿಡುವ ತೂಗುಗುಂಡು ಅವಲಂಬವಲ್ಲದೆ ಬೇರೆಯಲ್ಲ.

ಜನಬಳಕೆಯ ಕನ್ನಡದಲ್ಲಿಯೂ ಇದೇ ಪ್ರವೃತ್ತಿ ಕಂಡುಬರುತ್ತದೆ. ಮೂಲೆ, ಓರೆ, ವಾರೆ, ಚೂಪು, ಸೊಟ್ಟ ಮುಂತಾದ ಮಾತುಗಳು ಮೂಲೆಯ ಸ್ವಭಾವವನ್ನು ಹೇಳುತ್ತವೆಯೇ ಹೊರತು ಅದಕ್ಕೆ ಸಂಖ್ಯೆಯನ್ನು ಕೊಡುವುದಿಲ್ಲ. ಸಂಖ್ಯೆಯನ್ನು ಕೊಡುವುದು ಉದ್ದಕ್ಕೆ: ಗೇಣು, ಮೊಳ, ಮಾರು, ಕೋಲು, ಗಳೆ. ಮಾಡಿನ ಇಳಿಜಾರನ್ನು ಹೇಳಬೇಕಾದ ಬಡಗಿ ಇಷ್ಟು ಅಗಲಕ್ಕೆ ಇಷ್ಟು ಎತ್ತರ ಎನ್ನುತ್ತಾನೆ. ಎರಡು ಉದ್ದಗಳನ್ನು ಹೇಳಿದಾಗ ಓರೆ ತಾನಾಗಿಯೇ ನಿರ್ಧಾರವಾಗುತ್ತದೆ ಎಂಬ ಅರಿವು ಈ ಮಾತಿನಲ್ಲಿ ಅಡಗಿದೆ.

2. ಗಣಿತಸಾರಸಂಗ್ರಹದ ಸಾಕ್ಷ್ಯ

ಕರ್ನಾಟಕದ ಗಣಿತ ಪರಂಪರೆಯ ಬಹು ಮುಖ್ಯ ಗ್ರಂಥ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥವು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲಿ ಪ್ರಶಂಸಿಸುತ್ತದೆ. ಅದೇ ಅಮೋಘವರ್ಷನ ಸಾಮಂತ ಬಂಕೆಯನು ಬನವಾಸಿ ನಾಡನ್ನು ಆಳುತ್ತಿದ್ದನೆಂಬುದು ಇಲ್ಲಿ ಸ್ಮರಣೀಯ. ಎಂ. ರಂಗಾಚಾರ್ಯರು 1912ರಲ್ಲಿ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದಸಹಿತ ಆವೃತ್ತಿ ಹೊಂಬುಜದಿಂದ ಹೊರಬಂದಿತು. ಶಿವಮೊಗ್ಗ ಜಿಲ್ಲೆಯ ಒಂದು ಪ್ರಾಚೀನ ಜೈನಕೇಂದ್ರದಿಂದಲೇ ಈ ಗ್ರಂಥ ಕನ್ನಡಿಗರಿಗೆ ಮರಳಿ ದೊರೆತದ್ದು ಸಮಾಧಾನದ ಸಂಗತಿ.

ಮಹಾವೀರಾಚಾರ್ಯನು ಕ್ಷೇತ್ರಗಳನ್ನು ಹದಿನಾರು ಬಗೆಯಾಗಿ ವಿಂಗಡಿಸುತ್ತಾನೆ. ತ್ರಿಭುಜದಲ್ಲಿ ಮೂರು, ಚತುರ್ಭುಜದಲ್ಲಿ ಐದು, ವಕ್ರರೇಖೆಯ ಕ್ಷೇತ್ರಗಳಲ್ಲಿ ಎಂಟು. ತ್ರಿಭುಜದ ಮೂರು ಬಗೆಗಳೆಂದರೆ ಸಮ, ದ್ವಿಸಮ, ವಿಷಮ. ಮೂರೂ ತೋಳು ಸಮವೇ, ಎರಡು ಸಮವೇ, ಯಾವುದೂ ಸಮವಲ್ಲವೇ ಎಂಬುದಷ್ಟೇ ಇಲ್ಲಿನ ವಿಚಾರ. ಲಘುಕೋನ, ವಿಶಾಲಕೋನ ಎಂಬ ವಿಂಗಡಣೆಗೆ ಇಲ್ಲಿ ಎಡೆಯಿಲ್ಲ.

ತೋಳುಗಳ ಉದ್ದದಿಂದ ಮೂಲೆ ತಾನಾಗಿ ಗೊತ್ತಾಗುವುದು ತ್ರಿಭುಜಕ್ಕೆ ಮಾತ್ರ ಇರುವ ಗುಣ. ಮೂರು ಕೋಲುಗಳನ್ನು ತುದಿಗೆ ತುದಿ ಸೇರಿಸಿ ಕಟ್ಟಿದರೆ ಆಕೃತಿ ಅಲುಗುವುದಿಲ್ಲ. ನಾಲ್ಕು ಕೋಲುಗಳನ್ನು ಕಟ್ಟಿದರೆ ಅದು ವಾಲುತ್ತದೆ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನು ತನ್ನ ಲೀಲಾವತಿಯಲ್ಲಿ ಈ ಸಂಗತಿಯನ್ನು ತೀಕ್ಷ್ಣವಾಗಿ ಹೇಳಿದ್ದಾನೆ. ನಾಲ್ಕು ಭುಜಗಳನ್ನು ಮಾತ್ರ ಕೊಟ್ಟು, ಲಂಬವನ್ನಾಗಲಿ ಕರ್ಣವನ್ನಾಗಲಿ ಕೊಡದೆ ಚತುರ್ಭುಜದ ಫಲವನ್ನು ಕೇಳುವವನು ಪಿಶಾಚನೆಂದೂ ಉತ್ತರ ಹೇಳಹೊರಟವನು ಅವನಿಗಿಂತ ಹೆಚ್ಚಿನವನೆಂದೂ ಅವನ ಅಭಿಪ್ರಾಯ. ಮನೆಯ ಪಾಯಕ್ಕೆ ನಾಲ್ಕು ಗೂಟ ನೆಟ್ಟು ದಾರ ಹಿಡಿದ ಗಾರೆಯವನು ಎದುರುಬದುರು ಪಕ್ಕಗಳು ಸಮವಾದವೆಂದು ತೃಪ್ತನಾಗುವುದಿಲ್ಲ. ಮೂಲೆಯಿಂದ ಮೂಲೆಗೆ ಎರಡು ಸಲ ದಾರ ಹಿಡಿದು, ಎರಡೂ ಕರ್ಣಗಳು ಸರಿಯಾದವೋ ಇಲ್ಲವೋ ಎಂದು ನೋಡುತ್ತಾನೆ. ಭಾಸ್ಕರಾಚಾರ್ಯನ ಎಚ್ಚರಿಕೆಯೂ ಗಾರೆಯವನ ಎಚ್ಚರಿಕೆಯೂ ಒಂದೇ.

ಗಣಿತಸಾರಸಂಗ್ರಹದ ಕ್ಷೇತ್ರಗಣಿತ ಭಾಗದಲ್ಲಿ ‘ಪೈಶಾಚಿಕ ವ್ಯವಹಾರ’ ಎಂಬ ಹೆಸರಿನ ಒಂದು ಪ್ರಕರಣವೇ ಇದೆ. ಬಹಳ ತೊಡಕಿನ ಲೆಕ್ಕಗಳಿಗೆ ಆಚಾರ್ಯನು ಇಟ್ಟ ಹೆಸರದು. ಸುತ್ತಳತೆಯ ಸಂಖ್ಯೆಯೂ ಫಲದ ಸಂಖ್ಯೆಯೂ ಒಂದೇ ಆಗುವ ಕ್ಷೇತ್ರ ಯಾವುದು ಎಂಬಂತಹ ಪ್ರಶ್ನೆಗಳು ಇಲ್ಲಿ ಬರುತ್ತವೆ. ಭುಜ 4 ಆಗಿರುವ ಚೌಕದಲ್ಲಿ ಸುತ್ತಳತೆ 16, ಫಲವೂ 16 ಎಂಬುದು ಇದರ ಸರಳ ಮಾದರಿ. ಜನಪದರ ಒಗಟಿಗೂ ಶಾಸ್ತ್ರದ ಈ ಲೆಕ್ಕಗಳಿಗೂ ಮನೋಧರ್ಮದಲ್ಲಿ ಹತ್ತಿರದ ಸಂಬಂಧವಿದೆ. ಎರಡರಲ್ಲಿಯೂ ಕೊಟ್ಟ ಮಾತು ಸಾಲದೆಂದು ತೋರುತ್ತದೆ. ಆದರೆ ಉತ್ತರ ಅದರೊಳಗೇ ಇರುತ್ತದೆ.

ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ಈ ಪರಂಪರೆಯನ್ನು ಕನ್ನಡಕ್ಕೆ ತಂದನು. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ, ಚಿತ್ರಹಸುಗೆ ಮುಂತಾದವು ಅವನ ಕೃತಿಗಳು. ಹಸುಗೆ ಎಂದರೆ ಹಂಚಿಕೆ, ವಿಂಗಡಣೆ. ಮುಂದೆ ಪ್ರಸ್ತಾಪಿಸಲಿರುವ ಹಸೆಗೂ ಈ ಮಾತಿಗೂ ಸಂಬಂಧ ಕಲ್ಪಿಸಬಾರದು. ಗಣಿತವನ್ನು ದೇಶಭಾಷೆಯಲ್ಲಿ ಹೇಳಬೇಕೆಂಬ ಸಂಕಲ್ಪ ಆ ಕಾಲಕ್ಕೇ ಇದ್ದಿತೆಂಬುದು ಮುಖ್ಯ.

3. ಒಂದು ನೆಲ, ಹಲವು ಫಲ

ಮಹಾವೀರಾಚಾರ್ಯನು ಕ್ಷೇತ್ರಫಲವನ್ನು ವ್ಯಾವಹಾರಿಕ, ಸೂಕ್ಷ್ಮ ಎಂದು ಎರಡು ಬಗೆಯಲ್ಲಿ ಹೇಳುತ್ತಾನೆ. ಎದುರುಬದುರು ಭುಜಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ ಕ್ರಮ. ತ್ರಿಭುಜಕ್ಕೆ ಮುಖವಿಲ್ಲವಾದ್ದರಿಂದ ಅದನ್ನು ಸೊನ್ನೆಯೆಂದು ಎಣಿಸಬೇಕು. ಭೂಮಿಯ ಅರ್ಧವನ್ನು ಲಂಬದಿಂದ ಗುಣಿಸುವುದು, ಅಥವಾ ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ಗುಣಿಸಿ, ಮೂಲ ತೆಗೆಯುವುದು ಸೂಕ್ಷ್ಮ ಕ್ರಮ.

ಈ ಎರಡರ ಅಂತರ ಎಷ್ಟೆಂಬುದನ್ನು 13, 14, 15 ಭುಜಗಳ ತ್ರಿಭುಜದಲ್ಲಿ ನೋಡಬಹುದು. ಭೂಮಿಯನ್ನು 14 ಎಂದು ಇಟ್ಟುಕೊಳ್ಳೋಣ. 15ರ ವರ್ಗದಿಂದ 13ರ ವರ್ಗವನ್ನು ಕಳೆದರೆ 56. ಅದನ್ನು 14ರಿಂದ ಭಾಗಿಸಿದರೆ 4. ಭೂಮಿಗೆ 4 ಕೂಡಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಇವೇ ಆಬಾಧೆಗಳು. 13ರ ವರ್ಗದಿಂದ 5ರ ವರ್ಗವನ್ನು ಕಳೆದರೆ 144. ಅದರ ಮೂಲ 12. ಇದು ಲಂಬ. ಆದ್ದರಿಂದ ಸೂಕ್ಷ್ಮ ಫಲ 7ನ್ನು 12ರಿಂದ ಗುಣಿಸಿದ 84.

ಈಗ ವ್ಯಾವಹಾರಿಕ ಕ್ರಮ. 13 ಮತ್ತು 15ರ ಅರ್ಧಮೊತ್ತ 14, ಭೂಮಿಯ ಅರ್ಧ 7, ಫಲ 98. 13ನ್ನು ಭೂಮಿಯೆಂದು ಹಿಡಿದರೆ 94¼ ಬರುತ್ತದೆ. 15ನ್ನು ಹಿಡಿದರೆ 101¼. ನೆಲ ಒಂದೇ, ನಿಂತ ಬದು ಬದಲಾದಂತೆ ಫಲವೂ ಬದಲಾಗುತ್ತದೆ. ಮೂರೂ ಸಲ ಅದು ನಿಜಕ್ಕಿಂತ ಹೆಚ್ಚೇ ಬಂದಿದೆ. ಇದು ಆಕಸ್ಮಿಕವಲ್ಲ. ಲಂಬವನ್ನು ಇಡಬೇಕಾದ ಸ್ಥಳದಲ್ಲಿ ಈ ಕ್ರಮ ಎರಡು ಭುಜಗಳ ಸರಾಸರಿಯನ್ನು ಇಡುತ್ತದೆ. ಓರೆಯಾದ ಭುಜಗಳೆರಡೂ ಲಂಬಕ್ಕಿಂತ ಗಿಡ್ಡವಾಗಲಾರವು. ಆದ್ದರಿಂದ ಅವುಗಳ ಸರಾಸರಿಯೂ ಲಂಬವನ್ನು ಮೀರಿಯೇ ಇರುತ್ತದೆ. ನೆಲ ಚಪ್ಪಟೆಯಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. 10, 10, 16 ಭುಜಗಳ ನೆಲದ ನಿಜವಾದ ಫಲ 48. ವ್ಯಾವಹಾರಿಕ ಫಲ 80.

ಶಾಸನಗಳಲ್ಲಿ ಮತ್ತರು, ಕಮ್ಮಗಳಲ್ಲಿ ನೆಲವನ್ನು ಅಳೆದುಕೊಟ್ಟ ವಿವರಗಳು ಹೇರಳವಾಗಿವೆ. ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಉಲ್ಲೇಖವಿದೆ. ಅಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ. ಒಂದು ಊರಿನ ಗಳೆಗೆ ಹೆಸರಿಟ್ಟು ಅದನ್ನು ಶಾಸನದಲ್ಲಿ ಕೆತ್ತಿಸಿದ್ದೇಕೆಂದರೆ ಗಳೆ ಬದಲಾದರೆ ದತ್ತಿಯೇ ಬದಲಾಗುತ್ತದೆ. ಗಳೆಯಂತೆಯೇ ಲೆಕ್ಕದ ಕ್ರಮವೂ ಮುಖ್ಯ. ಓರೆನೆಲದ ಒಕ್ಕಲು ವ್ಯಾವಹಾರಿಕ ಕ್ರಮದಲ್ಲಿ ತೆರಿಗೆ ಕೊಡಬೇಕಾದರೆ, ಇಲ್ಲದ ನೆಲಕ್ಕೂ ತೆತ್ತಂತಾಗುತ್ತದೆ. ಮಹಾವೀರಾಚಾರ್ಯನು ಎರಡು ಕ್ರಮಗಳನ್ನು ಹೇಳಿದ್ದಷ್ಟೇ ಅಲ್ಲ, ಒಂದನ್ನು ಸೂಕ್ಷ್ಮವೆಂದು ಹೆಸರಿಸಿ ಬೇರ್ಪಡಿಸಿದ್ದಾನೆ. ಈ ಬೇರ್ಪಡಿಕೆಗೆ ಶಾಸ್ತ್ರೀಯ ಮೌಲ್ಯದೊಡನೆ ನ್ಯಾಯದ ಮೌಲ್ಯವೂ ಇದೆ.

4. ಆಬಾಧೆಯಿಂದ ಮೂಲೆಯ ಅರಿವು

ಕೋನವನ್ನೇ ಹೆಸರಿಸದ ಈ ಪದ್ಧತಿಯಿಂದ ಕೋನವನ್ನು ತಿಳಿಯಬಹುದೇ? ಕೆಲವು ಸಂದರ್ಭಗಳಲ್ಲಿ ನಿಶ್ಚಯವಾಗಿ ತಿಳಿಯಬಹುದು. ಇದಕ್ಕೆ 5, 7, 8 ಭುಜಗಳ ತ್ರಿಭುಜವನ್ನು ತೆಗೆದುಕೊಳ್ಳೋಣ. ಇದು ಗ್ರಂಥದ ಉದಾಹರಣೆಯಲ್ಲ; ಗ್ರಂಥದ ವಿಧಾನವನ್ನು ಇಲ್ಲಿ ಅನ್ವಯಿಸಲಾಗಿದೆ. 5 ಮತ್ತು 8 ಕೂಡುವ ಮೂಲೆ ಎಷ್ಟು ಎಂಬುದು ಪ್ರಶ್ನೆ. ಇಂದಿನ ವಿದ್ಯಾರ್ಥಿ ಕೂಡಲೇ ಕೊಸೈನ್ ನಿಯಮವನ್ನು ನೆನೆಯುತ್ತಾನೆ.

ಭೂಮಿಯನ್ನು 8 ಎಂದಿಟ್ಟುಕೊಂಡರೆ 7ರ ವರ್ಗದಿಂದ 5ರ ವರ್ಗವನ್ನು ಕಳೆದಾಗ 24. ಅದನ್ನು 8ರಿಂದ ಭಾಗಿಸಿದರೆ 3. ಆಬಾಧೆಗಳು 5½ ಮತ್ತು 2½. 5ರ ಭುಜದ ಕಡೆಯ ಆಬಾಧೆ 2½, ಅಂದರೆ ಆ ಭುಜದ ಸರಿ ಅರ್ಧ. ಲಂಬದ ಆಚೆಗೆ ಇನ್ನೊಂದು 2½ಯನ್ನು ಅಳೆದು ಶಿಖರಕ್ಕೆ ಗೆರೆ ಎಳೆದರೆ ಆ ಗೆರೆಯೂ 5 ಆಗುತ್ತದೆ. ಈಗ ಮೂರೂ ಭುಜಗಳು ಐದೈದು. ಸಮತ್ರಿಭುಜದ ಮೂರು ಮೂಲೆಗಳೂ ಸಮ. ಮೂರು ಮೂಲೆಗಳು ಕೂಡಿ ಎರಡು ಲಂಬಕೋನ. ಆದ್ದರಿಂದ ಕೇಳಿದ ಮೂಲೆ 60 ಅಂಶ. ಇಲ್ಲಿ ಕೋಷ್ಟಕ ಬೇಕಾಗಲಿಲ್ಲ; ತೋಳುಗಳನ್ನು ಹೋಲಿಸಿದ್ದೇ ಸಾಕಾಯಿತು.

ಹಾಗೆಂದ ಮಾತ್ರಕ್ಕೆ ನಮ್ಮ ಪ್ರಾಚೀನರಿಗೆ ತ್ರಿಕೋನಮಿತಿ ತಿಳಿದಿರಲಿಲ್ಲವೆಂದು ಭಾವಿಸಬಾರದು. ಆರ್ಯಭಟನು 499ರಲ್ಲಿಯೇ ಇಪ್ಪತ್ನಾಲ್ಕು ಜ್ಯಾಗಳ ಅಂತರಗಳನ್ನು ಕೊಟ್ಟಿದ್ದಾನೆ. ಆದರೆ ಜ್ಯಾಗಣಿತದ ನೆಲೆ ಖಗೋಳ. ಗ್ರಹದ ದೂರವನ್ನು ಕೋಲಿನಿಂದ ಅಳೆಯಲಾಗದು. ಅಲ್ಲಿ ಕೈಗೆ ಸಿಗುವುದು ಕೋನ ಮಾತ್ರ. ನೆಲದ ಮೇಲೆ ಉದ್ದವೇ ಕೈಗೆ ಸಿಗುತ್ತದೆ. ಆದ್ದರಿಂದ ಆಕಾಶಕ್ಕೆ ಜ್ಯಾ, ನೆಲಕ್ಕೆ ಆಬಾಧೆ ಎಂಬ ವಿಭಜನೆ ಏರ್ಪಟ್ಟಿತು. ಅಗತ್ಯಕ್ಕೆ ತಕ್ಕ ಸಾಧನವನ್ನು ಆರಿಸಿಕೊಂಡ ವಿವೇಕವಿದು.

5. ಹಗ್ಗ, ಚುಕ್ಕಿ, ಹಸೆ

ಸಮವಾದ ಉದ್ದಗಳು ಸಮವಾದ ಮೂಲೆಗಳನ್ನು ಕೊಡುತ್ತವೆ ಎಂಬ ತತ್ತ್ವ ಕುಶಲಕರ್ಮಿಗಳ ಕೈಯಲ್ಲಿ ಹಲವು ರೂಪಗಳನ್ನು ತಾಳಿದೆ. ಪಾಯದ ಮೂಲೆಯನ್ನು ನೇರಗೊಳಿಸಲು ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತಿಸಿ, ಎರಡು ಗುರುತುಗಳ ನಡುವೆ 5 ಅಡಿ ಬರುವವರೆಗೆ ದಾರವನ್ನು ಸರಿಸುವ ಕ್ರಮ ಎಲ್ಲೆಡೆ ಇದೆ. ಮರದ ಮೂಲೆಮಟ್ಟ ಸಣ್ಣ ಕೆಲಸಕ್ಕೆ. ಉದ್ದನೆಯ ಗೋಡೆಗೆ ಮೂರು-ನಾಲ್ಕು-ಐದರ ದಾರವೇ ನಂಬಿಕೆಯದು. ಯಜ್ಞವೇದಿಕೆಯ ಅಳತೆಗಳನ್ನು ಹೇಳುವ ಪ್ರಾಚೀನ ಶುಲ್ಬಸೂತ್ರಗಳಲ್ಲಿ ಶುಲ್ಬ ಎಂಬ ಮಾತಿಗೆ ಹಗ್ಗವೆಂದೇ ಅರ್ಥ.

ಹೊಸ್ತಿಲಿನ ರಂಗೋಲಿಯಲ್ಲಿ ಚುಕ್ಕಿಗಳನ್ನು ಎರಡು ಬಗೆಯಲ್ಲಿ ಇಡುತ್ತಾರೆ. ನೇರ ಚುಕ್ಕಿಯಲ್ಲಿ ಚೌಕಗಳು ದೊರೆಯುತ್ತವೆ. ಮಧ್ಯ ಚುಕ್ಕಿಯಲ್ಲಿ, ಮೇಲಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಸರಿಯಾಗಿ ಕೆಳಸಾಲಿನ ಚುಕ್ಕಿ ಬೀಳುತ್ತದೆ. ಏಳರಿಂದ ನಾಲ್ಕರವರೆಗೆ ಮಧ್ಯ ಚುಕ್ಕಿ ಇಟ್ಟಾಗ ನಡುವೆ 7, ಎರಡೂ ಕಡೆ 6, 5, 4 ಹೀಗೆ ಒಟ್ಟು 37 ಚುಕ್ಕಿಗಳು ಆರು ಮೂಲೆಯ ಆಕೃತಿಯಾಗಿ ನಿಲ್ಲುತ್ತವೆ. ಅಕ್ಕಪಕ್ಕದ ಮೂರು ಚುಕ್ಕಿಗಳ ನಡುವಣ ದೂರ ಒಂದೇ ಆಗಿರಬೇಕೆಂಬುದು ಬಿಡಿಸುವವಳ ಕಣ್ಣಿನ ನಿಯಮ. ಆ ನಿಯಮ ಪಾಲನೆಯಾದರೆ ಪ್ರತಿ ಮೂಲೆಯೂ 60 ಅಂಶವಾಗುತ್ತದೆ. ಸಾಲು ಒತ್ತಾದರೆ ಅಥವಾ ಸಡಿಲವಾದರೆ ಹೂವು ಸೊಟ್ಟಗಾಗುತ್ತದೆ. ತಪ್ಪು ಕೂಡಲೇ ತಿಳಿಯುತ್ತದೆ. ತೋಟಗಾರಿಕೆಯಲ್ಲಿ ತ್ರಿಕೋನ ಪದ್ಧತಿಯ ನಾಟಿಗೂ ಇದೇ ಆಧಾರ. ಗಿಡಗಿಡಗಳ ಅಂತರ ಅಷ್ಟೇ ಇದ್ದು, ಚೌಕದ ನಾಟಿಗಿಂತ ಸುಮಾರು ಶೇ. 15ರಷ್ಟು ಹೆಚ್ಚು ಗಿಡಗಳು ಹಿಡಿಸುತ್ತವೆ.

ಸೊರಬ-ಸಾಗರ ಸೀಮೆಯ ದೀವರ ಹೆಂಗಸರ ಹಸೆಚಿತ್ತಾರ ಈ ದೃಷ್ಟಿಯಿಂದ ವಿಶೇಷವಾದ ಅಧ್ಯಯನಕ್ಕೆ ಅರ್ಹವಾಗಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಲ್ಲಿ ಮದುವೆಯ ಹಸೆಯನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆಯೂ ಇದೇ ಚಿತ್ತಾರ. ಸಮಾಂತರ ಎಳೆಗಳು, ಅವನ್ನು ಓರೆಯಾಗಿ ಕತ್ತರಿಸುವ ಎಳೆಗಳು, ಅವುಗಳ ನಡುವೆ ಹುಟ್ಟುವ ದ್ವಿಸಮ ತ್ರಿಭುಜಗಳು ಇವೇ ಇದರ ವ್ಯಾಕರಣ. ಗೋಡೆಯ ಮೇಲೆ ಯಾವ ಕೋನವನ್ನೂ ಅಳೆಯುವುದಿಲ್ಲ. ಎಳೆಯಿಂದ ಎಳೆಗೆ ಇರುವ ಅಂತರವನ್ನು ಸಮವಾಗಿ ಕಾಯ್ದುಕೊಂಡರೆ ಓರೆ ಎಳೆಗಳೆಲ್ಲ ಒಂದೇ ಓರೆಯನ್ನು ಪಡೆಯುತ್ತವೆ. ಬುಟ್ಟಿಯ ದುಂಡನೆಯ ಮೈಮೇಲೆ ಇದನ್ನು ಸಾಧಿಸುವುದು ಇನ್ನಷ್ಟು ಕಷ್ಟ. ಸುತ್ತು ಮುಗಿಯುವಾಗ ಕೊನೆಯ ತ್ರಿಭುಜ ಮೊದಲನೆಯದನ್ನು ಸರಿಯಾಗಿ ಕೂಡಲೇಬೇಕು. ಈ ಲೆಕ್ಕ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯ ಮೂಲಕವೇ ಬಂದಿದೆ.

ಇದೇ ತತ್ತ್ವ ಶಿಲೆಯಲ್ಲಿ ಬೆಳೆದ ನಿದರ್ಶನ ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯ. ಹನ್ನೆರಡನೆಯ ಶತಮಾನದ ಈ ಕಲ್ಯಾಣ ಚಾಲುಕ್ಯ ದೇವಾಲಯದ ಗರ್ಭಗೃಹದ ಹೊರ ಆಕಾರ 24 ಮೂಲೆಗಳ ನಕ್ಷತ್ರ. ಒಂದೇ ಕೇಂದ್ರದ ಸುತ್ತ ಆರು ಚೌಕಗಳನ್ನು 15 ಅಂಶದಷ್ಟು ತಿರುಗಿಸುತ್ತ ಹೋದರೆ ಈ ಆಕಾರ ಬರುತ್ತದೆ. 15 ಅಂಶವನ್ನು ಹಗ್ಗದಿಂದ ಪಡೆಯುವುದು ಕಷ್ಟವಲ್ಲ. ವೃತ್ತ ಎಳೆದ ಹಗ್ಗವನ್ನೇ ವೃತ್ತದ ಮೇಲೆ ಇಡುತ್ತ ಹೋದರೆ ಸುತ್ತು ಆರು ಭಾಗವಾಗುತ್ತದೆ. ಆ 60 ಅಂಶವನ್ನು ಅರ್ಧಿಸಿದರೆ 30, ಮತ್ತೆ ಅರ್ಧಿಸಿದರೆ 15.

6. 1922ರ ಒಂದು ಒಗಟು

ಈ ತತ್ತ್ವದ ಶಕ್ತಿಯನ್ನು ತೋರಿಸುವ ಆಧುನಿಕ ಒಗಟೊಂದು ಗಣಿತಪ್ರಿಯರಲ್ಲಿ ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ಎಡ್ವರ್ಡ್ ಮ್ಯಾನ್ ಲ್ಯಾಂಗ್ಲಿ 1922ರಲ್ಲಿ ಮ್ಯಾಥಮೆಟಿಕಲ್ ಗೆಜೆಟ್ ಎಂಬ ಪತ್ರಿಕೆಯಲ್ಲಿ ಇದನ್ನು ಮುಂದಿಟ್ಟನು. ಮಹಾವೀರಾಚಾರ್ಯನಿಗೆ ಇದು ಗೊತ್ತಿದ್ದರೆ ಪೈಶಾಚಿಕ ಪ್ರಕರಣದಲ್ಲಿ ಸೇರಿಸುತ್ತಿದ್ದನೇನೋ.

‘ಅಬಕ’ ಒಂದು ದ್ವಿಸಮ ತ್ರಿಭುಜ. ಶಿಖರ ‘ಅ’ದಲ್ಲಿ 20 ಅಂಶ, ಭೂಮಿಯ ‘ಬ’, ‘ಕ’ ಮೂಲೆಗಳಲ್ಲಿ 80 ಅಂಶ. ‘ಬ’ದಿಂದ ಎಳೆದ ಗೆರೆ ‘ಅಬ’ ಭುಜದೊಡನೆ 20 ಅಂಶ ಮಾಡಿ ‘ಅಕ’ ಭುಜವನ್ನು ‘ಟ’ದಲ್ಲಿ ಮುಟ್ಟುತ್ತದೆ. ‘ಕ’ದಿಂದ ಎಳೆದ ಗೆರೆ ‘ಅಕ’ ಭುಜದೊಡನೆ 30 ಅಂಶ ಮಾಡಿ ‘ಅಬ’ ಭುಜವನ್ನು ‘ಚ’ದಲ್ಲಿ ಮುಟ್ಟುತ್ತದೆ. ‘ಚಟ’ವನ್ನು ಸೇರಿಸಿದರೆ ‘ಬಟಚ’ ಕೋನವೆಷ್ಟು?

ಮೂಲೆಗಳನ್ನು ಕೂಡಿ ಕಳೆಯುವುದರಿಂದ ಮಾತ್ರ ಉತ್ತರ ಸಿಗುವುದಿಲ್ಲ. ಎಷ್ಟು ಸಮೀಕರಣ ಬರೆದರೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ. ಜೇಮ್ಸ್ ಮರ್ಸರ್ 1923ರಲ್ಲಿ ನೀಡಿದ ಪರಿಹಾರ ಒಂದೇ ಒಂದು ಹೊಸ ಗೆರೆಯನ್ನು ಬಯಸುತ್ತದೆ. ‘ಬ’ದಿಂದ, ಭೂಮಿಯೊಡನೆ 20 ಅಂಶ ಮಾಡುವಂತೆ ಗೆರೆ ಎಳೆದು ‘ಅಕ’ವನ್ನು ‘ಪ’ದಲ್ಲಿ ಮುಟ್ಟಿಸಬೇಕು. ‘ಬಕಪ’ ತ್ರಿಭುಜದಲ್ಲಿ ‘ಬ’ದಲ್ಲಿ 20, ‘ಕ’ದಲ್ಲಿ 80, ಆದ್ದರಿಂದ ‘ಪ’ದಲ್ಲಿಯೂ 80. ಎರಡು ಮೂಲೆ ಸಮವಾದ್ದರಿಂದ ‘ಬಪ’ವೂ ‘ಬಕ’ವೂ ಸಮ. ‘ಬಕಚ’ ತ್ರಿಭುಜದಲ್ಲಿ ‘ಬ’ದಲ್ಲಿ 80, ‘ಕ’ದಲ್ಲಿ 50, ಉಳಿದ ‘ಚ’ದಲ್ಲಿಯೂ 50. ಆದ್ದರಿಂದ ‘ಬಚ’ವೂ ‘ಬಕ’ಕ್ಕೆ ಸಮ. ಈಗ ‘ಬಚ’, ‘ಬಪ’ಗಳು ಸಮವಾದವು, ಅವುಗಳ ನಡುವಣ ಮೂಲೆ 80ರಲ್ಲಿ 20 ಕಳೆದ 60. ಹಾಗಾಗಿ ‘ಬಚಪ’ ಸಮತ್ರಿಭುಜ. ‘ಪಚ’ವೂ ಅಷ್ಟೇ ಉದ್ದ.

ಇನ್ನು ‘ಬಪಟ’ ತ್ರಿಭುಜ. ‘ಬಟ’ ಗೆರೆ ಭೂಮಿಯೊಡನೆ 60 ಅಂಶ ಮಾಡುವುದರಿಂದ ಈ ತ್ರಿಭುಜಕ್ಕೆ ‘ಬ’ದಲ್ಲಿ 40. ‘ಬಕಟ’ ತ್ರಿಭುಜದಿಂದ ‘ಟ’ದ ಮೂಲೆಯೂ 40 ಎಂದು ತಿಳಿಯುತ್ತದೆ. ಆದ್ದರಿಂದ ‘ಪಟ’ವೂ ‘ಪಬ’ಕ್ಕೆ ಸಮ, ಅಂದರೆ ‘ಪಚ’ಕ್ಕೂ ಸಮ. ‘ಪ’ದಲ್ಲಿ ನೇರಗೆರೆಯ 180ರಿಂದ 80ನ್ನೂ 60ನ್ನೂ ಕಳೆದರೆ ‘ಚಪಟ’ ಕೋನ 40. ದ್ವಿಸಮವಾದ ‘ಪಚಟ’ದಲ್ಲಿ ಉಳಿದ ಎರಡು ಮೂಲೆಗಳು ಎಪ್ಪತ್ತೆಪ್ಪತ್ತು. ‘ಟ’ದ 70ರಿಂದ 40ನ್ನು ಕಳೆದರೆ ಬೇಕಾದ ಕೋನ 30 ಅಂಶ.

ಈ ಪರಿಹಾರದ ಸ್ವರೂಪ ಗಮನಾರ್ಹ. ‘ಬಕ’, ‘ಬಪ’, ‘ಬಚ’, ‘ಪಚ’, ‘ಪಟ’ ಎಂಬ ಐದು ಗೆರೆಗಳು ಒಂದೇ ಉದ್ದದವೆಂದು ಕಂಡ ಕ್ಷಣವೇ ಮೂಲೆ ಬಯಲಾಯಿತು. ಕೋನಗಳ ಒಗಟಿಗೆ ಉತ್ತರ ದೊರೆತದ್ದು ಭುಜಗಳ ಸಮತೆಯಿಂದ. ಹಸೆಯ ಗೋಡೆಯ ಮೇಲೂ ಮಧ್ಯ ಚುಕ್ಕಿಯ ರಂಗೋಲಿಯಲ್ಲೂ ಕೆಲಸಮಾಡುವ ತತ್ತ್ವ ಇದೇ. ತತ್ತ್ವ ಒಂದೇ ಎಂದ ಮಾತ್ರಕ್ಕೆ ಒಂದು ಇನ್ನೊಂದರಿಂದ ಬಂದಿತೆಂದು ಹೇಳಲಾಗದು. ಲ್ಯಾಂಗ್ಲಿಗೆ ಹಸೆ ಗೊತ್ತಿರಲಿಲ್ಲ; ಹಸೆಗೆ ಲ್ಯಾಂಗ್ಲಿಯ ಪ್ರಮಾಣಪತ್ರದ ಅಗತ್ಯವೂ ಇಲ್ಲ.

ಎರಡರ ನಡುವಣ ಭೇದವನ್ನೂ ಇಲ್ಲಿಯೇ ಗುರುತಿಸಬೇಕು. ಈ ಒಗಟಿನ 20 ಅಂಶದ ಮೂಲೆಯನ್ನು ಹಗ್ಗ ಮತ್ತು ನೇರಗೋಲಿನಿಂದ ಕರಾರುವಾಕ್ಕಾಗಿ ಎಳೆಯಲು ಸಾಧ್ಯವೇ ಇಲ್ಲ. 60ನ್ನು ಅರ್ಧಿಸಬಹುದು, ಆದರೆ ಮೂರು ಸಮಭಾಗ ಮಾಡಲಾಗದೆಂದು ಫ್ರಾನ್ಸಿನ ವ್ಯಾಂಟ್ಸೆಲ್ 1837ರಲ್ಲಿ ಸಾಧಿಸಿದನು. ಎಳೆಯಲಾಗದ್ದನ್ನೂ ಯೋಚಿಸಬಲ್ಲದು ಶಾಸ್ತ್ರ. ಸಿದ್ಧಾಂತವನ್ನು ನುಡಿಯದೆಯೂ ಎಳೆಯಬಲ್ಲದು ಕೈ. ಇವುಗಳಲ್ಲಿ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡುವುದರಿಂದ ಎರಡಕ್ಕೂ ಅನ್ಯಾಯವಾಗುತ್ತದೆ.

7. ಟಿಪ್ಪಣಿಯ ತ್ರಿಭುಜಗಳು

ನೆಲದ ಅಳತೆಗೆ ತ್ರಿಕೋನಮಿತಿ ಕರ್ನಾಟಕಕ್ಕೆ ಬಂದದ್ದು ನಾಲ್ಕನೆಯ ಮೈಸೂರು ಯುದ್ಧದ ನಂತರ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ತನ್ನ ಮೊದಲ ಆಧಾರರೇಖೆಯನ್ನು ಅಳೆದನು. ಒಂದು ಭುಜವನ್ನು ಮಾತ್ರ ಸರಪಳಿಯಿಂದ ಅಳೆದು, ಉಳಿದದ್ದನ್ನೆಲ್ಲ ಥಿಯೊಡೊಲೈಟಿನ ಕೋನಗಳಿಂದ ಲೆಕ್ಕ ಹಾಕುವ ಕ್ರಮವದು. ಸಾಮ್ರಾಜ್ಯವೊಂದು ದೇಶವನ್ನು ದೂರದಿಂದ ನೋಡುವ ವಿಧಾನವದು.

ಆದರೆ ರೈತನ ಗದ್ದೆಗೆ ಬಂದ ಕಂದಾಯ ಮೋಜಣಿ ಬೇರೆ ದಾರಿ ಹಿಡಿಯಿತು. ಅದರ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಚದರ ಸರಪಳಿ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಹೊಲದ ನಡುವೆ ಒಂದು ಆಧಾರರೇಖೆ ಎಳೆದು, ಬದುವಿನ ಪ್ರತಿ ತಿರುವಿನಿಂದ ಆ ರೇಖೆಗೆ ಕ್ರಾಸ್‌ಸ್ಟಾಫಿನ ಸಹಾಯದಿಂದ ಲಂಬ ಹಿಡಿದು, ತುಂಡುಗಳನ್ನೂ ಲಂಬಗಳನ್ನೂ ಟಿಪ್ಪಣಿಯಲ್ಲಿ ಬರೆದಿಡುತ್ತಿದ್ದರು. ಆಧಾರರೇಖೆಯೇ ಭೂಮಿ, ಅದರ ತುಂಡುಗಳೇ ಆಬಾಧೆಗಳು, ಎಳೆದ ಲಂಬವೇ ಅವಲಂಬ. ಮಹಾವೀರಾಚಾರ್ಯನ ಸೂಕ್ಷ್ಮ ಗಣಿತವೂ ಮೋಜಣಿದಾರನ ಟಿಪ್ಪಣಿಯೂ ಒಂದೇ ತರ್ಕವನ್ನು ನಂಬಿವೆ. ಕಳೆದುಹೋದ ಬಾಂದುಕಲ್ಲನ್ನು ಮತ್ತೆ ನೆಡಬೇಕಾದಾಗ, ಹಿಸ್ಸಾ ಪೋಡಿ ಮಾಡಬೇಕಾದಾಗ ಇಂದಿಗೂ ಮೂಲ ಟಿಪ್ಪಣಿಯನ್ನೇ ಹುಡುಕಬೇಕಾಗುತ್ತದೆ. ತ್ರಿಭುಜದ ಅಲುಗದ ಗುಣವೇ ಆ ಹಳೆಯ ಕಾಗದಕ್ಕೆ ಬಲ. ಎರಡು ಕಲ್ಲುಗಳು ಉಳಿದಿದ್ದು ಅಳತೆಗಳು ಗೊತ್ತಿದ್ದರೆ, ಗೆರೆಯ ಯಾವ ಪಕ್ಕಕ್ಕೆಂದು ನಕ್ಷೆ ಹೇಳಿದರೆ ಸಾಕು. ಮೂರನೆಯ ಕಲ್ಲಿನ ಸ್ಥಾನ ಒಂದೇ ಆಗುತ್ತದೆ.

ಉಪಸಂಹಾರ

ಇಲ್ಲಿಯವರೆಗಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಮ್ಮ ನೆಲದ ಅಳತೆಯ ಪರಂಪರೆ ಕೋನವನ್ನು ಅರಿಯದ ಪರಂಪರೆಯಲ್ಲ. ಕೋನವನ್ನು ಉದ್ದದ ಮೂಲಕ ಅರಿತ ಪರಂಪರೆ. ಎರಡನೆಯದಾಗಿ, ಗ್ರಂಥದ ಸೂಕ್ಷ್ಮ ಗಣಿತ, ಗಾರೆಯವನ ದಾರ, ಹಸೆಯ ಎಳೆ, ಮೋಜಣಿಯ ಟಿಪ್ಪಣಿ ಇವು ಒಂದೇ ತತ್ತ್ವದ ಭಿನ್ನ ರೂಪಗಳು. ಮೂರನೆಯದಾಗಿ, ಈ ತತ್ತ್ವದ ಸರಿ-ತಪ್ಪುಗಳು ಒಕ್ಕಲಿನ ಬದುಕನ್ನು ನೇರವಾಗಿ ತಟ್ಟುವಂಥವು. 84ರ ನೆಲವನ್ನು 98 ಎಂದು ಬರೆದರೆ ತೆರುವವನು ಒಬ್ಬನಿರುತ್ತಾನೆ.

ಜಾನಪದ ಸಂಗ್ರಹಕಾರರಾದ ನಾವು ಹಸೆಯ ಹಾಡನ್ನು ಬರೆದುಕೊಂಡಷ್ಟು ಹಸೆಯ ಲೆಕ್ಕವನ್ನು ಬರೆದುಕೊಂಡಿಲ್ಲ. ಚಿತ್ತಾರದ ಛಾಯಾಚಿತ್ರ ದೊರೆಯುತ್ತದೆ. ಆದರೆ ಮೊದಲ ಎಳೆ ಯಾವುದು, ಅಂತರವನ್ನು ಬೆರಳಿನಿಂದ ಹಿಡಿದರೋ ಕಡ್ಡಿಯಿಂದ ಹಿಡಿದರೋ, ಸುತ್ತು ಕೂಡದಿದ್ದಾಗ ಎಲ್ಲಿ ಸರಿಪಡಿಸಿದರು ಎಂಬ ವಿವರ ಚಿತ್ರದಲ್ಲಿ ಕಾಣುವುದಿಲ್ಲ. ಗೋಡೆಗಳು ಸಿಮೆಂಟಿನವಾಗಿ, ಮಾಡುಗಳು ಆರ್‌ಸಿಸಿಯವಾಗಿ ಬದಲಾದಂತೆ ಈ ಕೈಗಳ ಕೆಲಸವೂ ಕಡಿಮೆಯಾಗುತ್ತಿದೆ. ಬಡಗಿಗಳ, ಗಾರೆಯವರ, ಹಸೆ ಬರೆಯುವ ಹಿರಿಯ ಹೆಂಗಸರ ಅಳತೆಯ ಕ್ರಮಗಳನ್ನು ಅವರ ಮಾತಿನಲ್ಲೇ, ಅವರ ಕೈ ಚಲನೆಯೊಡನೆ ದಾಖಲಿಸುವ ಕೆಲಸ ತಾಲ್ಲೂಕು ಮಟ್ಟದಲ್ಲಿ ನಡೆಯಬೇಕು. ಆ ದಾಖಲೆಯನ್ನು ಓದಲು ಜಾನಪದ ವಿದ್ವಾಂಸನ ಪಕ್ಕದಲ್ಲಿ ಗಣಿತದ ಅಧ್ಯಾಪಕನೂ ಕುಳಿತುಕೊಳ್ಳಬೇಕು. ಜಡೆಯ ಶಾಲೆಯ ಮಗುವಿಗೆ ಸಮತ್ರಿಭುಜವನ್ನು ಕಲಿಸಲು ಮನೆಯ ಮುಂದಿನ ಮಧ್ಯ ಚುಕ್ಕಿಯ ರಂಗೋಲಿಗಿಂತ ಒಳ್ಳೆಯ ಪುಟ ಬೇರೆ ಇಲ್ಲ.